ಎಲ್ಲ ಪಿಕ್ಸೆಲ್‌ಗೂ ಸಮಪಾಲು

ಕಳೆದ ಸಂಚಿಕೆಯಲ್ಲಿ ಎಲ್‌ಸಿಡಿಗೂ ಓಎಲ್‌ಇಡಿಗೂ ಏನು ವ್ಯತ್ಯಾಸ ಅಂತ ಒಬ್ಬರು ಕೇಳಿದ್ದರು. ಎಲ್‌ಸಿಡಿಯಲ್ಲಿ ಹಿಂದೆ ದೀಪ, ಮುಂದೆ ಕಿಟಕಿ; ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ದೀಪ ಅಂತ ಉತ್ತರ ಬರೆದು ಮುಗಿಸಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವರದು ಒಂದೇ ದೂರು: ಪರದೆಯ ಬೆಳಕು ಎಲ್ಲ ಕಡೆ ಒಂದೇ ಸಮ ಇಲ್ಲ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಹೊಸ ಓದುಗರಿಗೆ ಒಂದು ಮಾತು. ನಾನು ದಾವಣಗೆರೆಯಲ್ಲಿ ಅಪ್ಪನ ಟಿವಿ ರಿಪೇರಿ ಅಂಗಡಿಯಲ್ಲಿ ಬೆಳೆದವಳು. ಓದು ಮುಗಿದ ಮೇಲೆ ತೈವಾನಿನ ಶಿನ್‌ಚು ಊರಿನಲ್ಲಿ, ಪರದೆ ಮಾಡುವ ಒಂದು ಕಂಪನಿಯಲ್ಲಿ ಎಂಟು ವರ್ಷ ಪಿಕ್ಸೆಲ್ ಲೇಔಟ್ ಮಾಡಿದೆ. ಅಂದರೆ ಒಂದು ಚುಕ್ಕೆಯ ಹಿಂದೆ ತಂತಿ ಎಲ್ಲಿ ಹೋಗಬೇಕು, ಟ್ರಾನ್ಸಿಸ್ಟರ್ ಎಲ್ಲಿ ಕೂರಬೇಕು ಅಂತ ಕಂಪ್ಯೂಟರಿನಲ್ಲಿ ನಕ್ಷೆ ಎಳೆಯುವ ಕೆಲಸ. ಈಗ ಮತ್ತೆ ಅಪ್ಪನ ಅಂಗಡಿಗೇ ಬಂದು ಕೂತಿದ್ದೇನೆ.

ಪ್ರಶ್ನೆ: ಮೇಡಂ, ಹೊಸ ಓಎಲ್‌ಇಡಿ ಫೋನ್ ತಗೊಂಡು ಒಂದು ವಾರ ಆಯ್ತು. ಹಗಲಲ್ಲಿ ಬಹಳ ಚೆನ್ನಾಗಿದೆ. ರಾತ್ರಿ ಲೈಟ್ ಆರಿಸಿ, ಬ್ರೈಟ್‌ನೆಸ್ ಪೂರ್ತಿ ಇಳಿಸಿ ಓದುವಾಗ ಬೂದು ಬಣ್ಣದ ಮೇಲೆ ಉದ್ದುದ್ದ ಗೆರೆ ಮತ್ತು ಮಸುಕು ಕಲೆ ಕಾಣುತ್ತವೆ. ಅಂಗಡಿಯವನು "ನಿಮ್ಮ ಕಣ್ಣು ತೋರಿಸಿಕೊಳ್ಳಿ" ಅಂದ. — ಹೈಸ್ಕೂಲ್ ಶಿಕ್ಷಕಿ, ಅರಸೀಕೆರೆ

ನಿಮ್ಮ ಕಣ್ಣು ಚೆನ್ನಾಗಿದೆ ಮೇಡಂ. ಆ ಅಂಗಡಿಯವನು ಹಗಲಲ್ಲೇ ನೋಡಿರಬೇಕು.

ಈ ಕಲೆಗೆ ಒಂದು ಹೆಸರಿದೆ, ಮುರಾ. ಜಪಾನಿ ಪದ. ಒಂದೇ ಸಮ ಇಲ್ಲದ್ದು ಅಂತ ಅರ್ಥ. ತೈವಾನ್, ಕೊರಿಯಾ, ಚೀನಾ ಎಲ್ಲಿ ಹೋದರೂ ಪರದೆ ಕೆಲಸದವರು ಇದೇ ಪದ ಆಡುತ್ತಾರೆ. ನನಗೆ ಚೀನೀ ಭಾಷೆ ಬರುವ ಮೊದಲೇ ಈ ಪದ ಬಾಯಿಪಾಠ ಆಗಿತ್ತು, ಯಾಕಂದ್ರೆ ದಿನಕ್ಕೆ ಹತ್ತು ಸಲ ಬೈಗುಳದ ಹಾಗೆ ಕಿವಿಗೆ ಬೀಳುತ್ತಿತ್ತು.

ಕಲೆ ಎಲ್ಲಿಂದ ಬರುತ್ತದೆ ನೋಡಿ. ಓಎಲ್‌ಇಡಿ ಚುಕ್ಕೆ ಎಷ್ಟು ಬೆಳಗಬೇಕು ಅನ್ನುವುದನ್ನು ಅದರೊಳಗೆ ಹರಿಯುವ ಕರೆಂಟ್ ನಿರ್ಧರಿಸುತ್ತದೆ. ಆ ಕರೆಂಟಿಗೆ ಒಂದು ನಲ್ಲಿ ಇದೆ. ಅದೇ ಟ್ರಾನ್ಸಿಸ್ಟರ್. ಪ್ರತಿ ನಲ್ಲಿಗೂ ಒಂದು ಬಿಗಿ ಇರುತ್ತದೆ. ಇಷ್ಟು ವೋಲ್ಟ್ ಕೊಡುವ ತನಕ ಅದು ತೆರೆಯುವುದೇ ಇಲ್ಲ. ಹೊಸ್ತಿಲು ವೋಲ್ಟೇಜ್ ಅನ್ನೋಣ. ಫೋನ್ ಪರದೆಯಲ್ಲಿ ಈ ಟ್ರಾನ್ಸಿಸ್ಟರ್‌ಗಳನ್ನು ಗಾಜು ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿದ ಸಿಲಿಕಾನ್ ಪದರದಲ್ಲಿ ಮಾಡುತ್ತಾರೆ. ಪದರವನ್ನು ಗಟ್ಟಿ ಹರಳು ಮಾಡಲು ಲೇಸರ್ ಹಾಯಿಸುತ್ತಾರೆ. ಗದ್ದೆಯಲ್ಲಿ ನೇಗಿಲು ಹೋದ ಹಾಗೆ ಲೇಸರ್ ಸಾಲು ಸಾಲಾಗಿ ಹೋಗುತ್ತದೆ. ಒಂದು ಸಾಲಿನ ಬಿಸಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಬೇರೆ ಆದರೂ ಸಾಕು, ಆ ಸಾಲಿನ ನಲ್ಲಿಗಳೆಲ್ಲ ಬೇರೆ ಬಿಗಿ. ನೀವು ನೋಡಿದ ಉದ್ದ ಗೆರೆ ಹೆಚ್ಚಾಗಿ ಅದೇ.

ಹಾಗಾದರೆ ರಾತ್ರಿ ಮಾತ್ರ ಯಾಕೆ? ಇದು ನನಗೆ ಬಹಳ ಇಷ್ಟದ ಲೆಕ್ಕ. ಹೊಸ್ತಿಲು ದಾಟಿದ ಮೇಲೆ ಎಷ್ಟು ವೋಲ್ಟ್ ಉಳಿಯುತ್ತದೋ ಅದರ ವರ್ಗಕ್ಕೆ ತಕ್ಕ ಹಾಗೆ ಕರೆಂಟ್ ಹರಿಯುತ್ತದೆ. ಅಕ್ಕಪಕ್ಕದ ಎರಡು ಚುಕ್ಕೆಗಳ ಹೊಸ್ತಿಲಲ್ಲಿ 0.1 ವೋಲ್ಟ್ ವ್ಯತ್ಯಾಸ ಇದೆ ಅಂದುಕೊಳ್ಳಿ. ಹಗಲಲ್ಲಿ ಒಂದಕ್ಕೆ 2 ವೋಲ್ಟ್ ಉಳಿದರೆ ಇನ್ನೊಂದಕ್ಕೆ 1.9. ವರ್ಗ ಮಾಡಿ: 4 ಮತ್ತು 3.61. ನೂರಕ್ಕೆ ಹತ್ತು ಕಮ್ಮಿ. ರಾತ್ರಿ ಬ್ರೈಟ್‌ನೆಸ್ ಇಳಿಸಿದಾಗ ಒಂದಕ್ಕೆ 0.5 ಉಳಿಯಿತು, ಇನ್ನೊಂದಕ್ಕೆ 0.4. ವರ್ಗ: 0.25 ಮತ್ತು 0.16. ನೂರಕ್ಕೆ ಮೂವತ್ತಾರು ಕಮ್ಮಿ! ತಪ್ಪು ಅಷ್ಟೇ ಇದೆ, ಬೆಳಕು ಕಮ್ಮಿಯಾದಷ್ಟೂ ಎದ್ದು ಕಾಣುತ್ತದೆ. (ಅಂಕಿ ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನು ಹಾಕಿದ್ದು. ವರ್ಗದ ನಿಯಮ ಮಾತ್ರ ನಿಜದ್ದು.) ಅದಕ್ಕೇ ಕೆಲವು ಫೋನ್‌ಗಳು ಬ್ರೈಟ್‌ನೆಸ್ ಇಳಿಸಿದಾಗ ಕರೆಂಟ್ ಇಳಿಸುವುದಿಲ್ಲ. ಕಣ್ಣಿಗೆ ಗೊತ್ತಾಗದಷ್ಟು ಬೇಗ ಬೇಗ ಆರಿಸಿ ಹಚ್ಚುತ್ತವೆ.

ಇನ್ನು ಇದನ್ನು ಸರಿ ಮಾಡುವ ಬಗೆ. ಎಣ್ಣೆ ಅಂಗಡಿಗೆ ನೀವು ಮನೆಯಿಂದ ಕ್ಯಾನ್ ತಗೊಂಡು ಹೋಗ್ತೀರಿ. ಒಬ್ಬರದು ಸ್ಟೀಲು, ಇನ್ನೊಬ್ಬರದು ಪ್ಲಾಸ್ಟಿಕ್. ಅಂಗಡಿಯವನು ಏನು ಮಾಡುತ್ತಾನೆ? ಮೊದಲು ಖಾಲಿ ಕ್ಯಾನ್ ತೂಗುತ್ತಾನೆ, ಆ ತೂಕ ಕಳೆದು ಆಮೇಲೆ ಎಣ್ಣೆ ಸುರಿಯುತ್ತಾನೆ. ಎಲ್ಲರಿಗೂ ಒಂದೊಂದು ಕಿಲೋ ಸರಿಯಾಗಿ ಸಿಗುತ್ತದೆ. ಪಿಕ್ಸೆಲ್ ಒಳಗೂ ಇದೇ ನಡೆಯುತ್ತದೆ. ಬೆಳಗುವ ಮೊದಲು, ಟ್ರಾನ್ಸಿಸ್ಟರಿನ ಎರಡು ಕಾಲನ್ನು ಒಂದಕ್ಕೊಂದು ಕೂಡಿಸಿ ವೋಲ್ಟೇಜ್ ಬಿಡುತ್ತಾರೆ. ಅದು ತನ್ನ ಹೊಸ್ತಿಲಿನ ತನಕ ಏರಿ ತಾನೇ ನಿಂತುಬಿಡುತ್ತದೆ. ಹಾಗೆ ನಿಂತ ವೋಲ್ಟೇಜಿನಲ್ಲಿ ಚಿತ್ರದ ಪಾಲೂ ಇದೆ, ಆ ಟ್ರಾನ್ಸಿಸ್ಟರಿನ ಸ್ವಂತ ಹೊಸ್ತಿಲೂ ಇದೆ. ಅದನ್ನು ಪಕ್ಕದ ಪುಟ್ಟ ಕೆಪಾಸಿಟರ್ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಬೆಳಗಿಸಿದಾಗ ಹೊಸ್ತಿಲು ಲೆಕ್ಕದಿಂದ ಕಳೆದುಹೋಗುತ್ತದೆ. ಚಿತ್ರದ ಪಾಲು ಮಾತ್ರ ಉಳಿಯುತ್ತದೆ.

ಸುಮ್ನೆ ಬೆಳಗಿಸುವುದಕ್ಕೆ ಎರಡು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಸಾಕು. ಈ ತೂಗಿ ಕಳೆಯುವ ಕೆಲಸಕ್ಕಾಗಿ ಫೋನ್‌ಗಳಲ್ಲಿ ಏಳು ಟ್ರಾನ್ಸಿಸ್ಟರ್ ಇಡುತ್ತಾರೆ. ಜಾಗ ಎಷ್ಟಿದೆ ಗೊತ್ತಾ? ಇಂಚಿಗೆ 400 ಪಿಕ್ಸೆಲ್ ಇರುವ ಫೋನಿನಲ್ಲಿ ಒಂದು ಪಿಕ್ಸೆಲ್ಲಿನ ಅಗಲ 0.064 ಮಿಲಿಮೀಟರ್. ನಿಮ್ಮ ಒಂದು ತಲೆಗೂದಲಿನ ದಪ್ಪ. ಅದರೊಳಗೆ ಒಂದೊಂದು ಬಣ್ಣದ ಚುಕ್ಕೆಗೂ ಏಳೇಳು. ನನ್ನ ಎಂಟು ವರ್ಷ ಹೋಗಿದ್ದು ಈ ಕೂದಲಿನ ಒಳಗೆ ಸಾಮಾನು ಜೋಡಿಸುವುದರಲ್ಲಿ.

ಇಷ್ಟೆಲ್ಲ ಮಾಡಿದರೂ ಗೆರೆ ಉಳಿದಿದ್ದು ಯಾಕೆ ಅಂತ ನೀವು ಕೇಳಬಹುದು. ಒಂದು, ಸಮಯ ಸಾಲದು. 2400 ಸಾಲಿನ ಪರದೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸಿದರೆ ಒಂದು ಸಾಲಿಗೆ ಸಿಗುವುದು ಸುಮಾರು 3.5 ಮೈಕ್ರೋಸೆಕೆಂಡ್. ಅಷ್ಟರಲ್ಲಿ ತೂಗಿ ಮುಗಿಸಬೇಕು. ಕ್ಯಾನ್ ತಕ್ಕಡಿ ಮೇಲೆ ನಿಲ್ಲುವ ಮೊದಲೇ ಎತ್ತಿಬಿಟ್ಟ ಹಾಗೆ ಆಗುತ್ತದೆ. ಎರಡು, ನಲ್ಲಿಯ ಬಿಗಿ ಮಾತ್ರ ಅಲ್ಲ, ಪೈಪಿನ ಒಳಸುತ್ತೂ ಒಂದೊಂದರದು ಒಂದೊಂದು ಥರ. ಅದು ಈ ಉಪಾಯಕ್ಕೆ ಸಿಗುವುದಿಲ್ಲ. ಹಾಗಾಗಿ ಫ್ಯಾಕ್ಟರಿಯಲ್ಲಿ ಕೊನೆಗೆ ಪ್ರತಿ ಪರದೆಗೂ ಬೂದು ಬಣ್ಣ ಹಾಕಿ ಕ್ಯಾಮೆರಾದಲ್ಲಿ ಫೋಟೋ ತೆಗೆಯುತ್ತಾರೆ. ಎಲ್ಲಿ ಮಂಕೋ ಅಲ್ಲಿಗೆ ಸ್ವಲ್ಪ ಜಾಸ್ತಿ ಕೊಡು, ಎಲ್ಲಿ ಜಾಸ್ತಿಯೋ ಅಲ್ಲಿ ಕಮ್ಮಿ ಮಾಡು ಅಂತ ಒಂದು ಪಟ್ಟಿ ಬರೆದು ಪರದೆಯ ಮೆಮೊರಿಯಲ್ಲಿ ಇಡುತ್ತಾರೆ. ಡಿಮುರಾ ಅಂತಾರೆ. ಆ ಪಟ್ಟಿ ತೀರಾ ಮಬ್ಬು ಬೆಳಕಿಗೆ ಪೂರ್ತಿ ಒಗ್ಗುವುದಿಲ್ಲ. ನಿಮ್ಮ ಫೋನಿನಲ್ಲಿ ಉಳಿದಿರುವುದು ಆ ಚಿಲ್ಲರೆ.

ಬದಲಿಸಿಕೊಳ್ಳಬೇಕಾ? ಅರ್ಧ ಬ್ರೈಟ್‌ನೆಸ್‌ನಲ್ಲೂ ಗೆರೆ ಕಂಡರೆ ಖಂಡಿತ ವಾಪಸ್ ಕೊಡಿ. ಕತ್ತಲಲ್ಲಿ ಮಾತ್ರ ಕಂಡರೆ, ಬದಲಿಗೆ ಬರುವ ಫೋನಿನಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ನನ್ನ ಫೋನಿನಲ್ಲೂ ಇದೆ. ಎಡಗಡೆ ಮೂಲೆಯಲ್ಲಿ.

ಪ್ರಶ್ನೆ: ಮೇಡಂ, ನಾನು ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ಓಎಲ್‌ಇಡಿಗೆ ಕರೆಂಟ್ ಒಂದು ಅಂಚಿನಿಂದ ಬರುತ್ತದೆ ಅಂತ ಓದಿದೆ. ಹಾಗಾದರೆ ಆ ಕಡೆ ಅಂಚಿನ ಚುಕ್ಕೆಗಳು ಮಂಕಾಗಬೇಕಲ್ವಾ? — ಮಲೇಬೆನ್ನೂರು

ಮಲೇಬೆನ್ನೂರಿನ ಹುಡುಗನಿಗೆ ಈ ಪ್ರಶ್ನೆ ಹೊಳೆದಿದ್ದು ಆಶ್ಚರ್ಯ ಏನಲ್ಲ! ಭದ್ರಾ ನಾಲೆಯ ಕೊನೆ ಭಾಗದ ಗದ್ದೆಗಳ ಗೋಳು ನಿಮಗೆ ನಾನು ಹೇಳಬೇಕಾ? ಮೇಲಿನ ತೂಬುಗಳವರು ತೆಗೆದುಕೊಂಡು ಉಳಿದಿದ್ದು ಕೆಳಗಿನವರಿಗೆ. ಪರದೆಯಲ್ಲೂ ಹಾಗೆಯೇ. ಕರೆಂಟ್ ಹೊರುವ ಲೋಹದ ಗೆರೆ ಬಹಳ ತೆಳು, ಅದಕ್ಕೆ ತನ್ನದೇ ರೆಸಿಸ್ಟೆನ್ಸ್ ಇದೆ. ದಾರಿಯುದ್ದಕ್ಕೂ ಪ್ರತಿ ಪಿಕ್ಸೆಲ್ ತನ್ನ ಪಾಲು ಎಳೆದುಕೊಳ್ಳುತ್ತದೆ. ಗೆರೆಯ ಕೊನೆ ಮುಟ್ಟುವಷ್ಟರಲ್ಲಿ ವೋಲ್ಟೇಜ್ ಇಳಿದಿರುತ್ತದೆ. ಆ ಕಡೆಯ ಚುಕ್ಕೆ ಮಂಕು.

ಮೇಲೆ ಟೀಚರಿಗೆ ಹೇಳಿದ ಎಣ್ಣೆ ಕ್ಯಾನಿನ ಉಪಾಯ ಇಲ್ಲಿ ನಡೆಯುವುದಿಲ್ಲ. ಅದು ಕ್ಯಾನಿನ ತೂಕ ಕಳೆಯುತ್ತದೆ ಅಷ್ಟೇ. ತೂಕದ ಬಟ್ಟೇ ಅಂಗಡಿಯಿಂದ ಅಂಗಡಿಗೆ ಬೇರೆ ಆದರೆ? ಇಲ್ಲಿ ಪೂರೈಕೆಯ ವೋಲ್ಟೇಜೇ ಆ ಬಟ್ಟು. ಏಳು ಟ್ರಾನ್ಸಿಸ್ಟರ್ ಇಟ್ಟರೂ ಕೊನೆಯ ಲೆಕ್ಕದಲ್ಲಿ ಅದು ಉಳಿದೇ ಬಿಡುತ್ತದೆ. ಓದುವಾಗ ಸಮೀಕರಣ ಬರೆದು ನೋಡಿ, ಹೊಸ್ತಿಲು ಕಳೆದುಹೋಗುತ್ತದೆ, ಪೂರೈಕೆ ಹೋಗುವುದಿಲ್ಲ.

ಅದಕ್ಕೆ ಮದ್ದು ನಕ್ಷೆಯಲ್ಲೇ ಇದೆ. ಗೆರೆಗಳನ್ನು ಉದ್ದಕ್ಕೆ ಮಾತ್ರ ಎಳೆಯದೆ ಅಡ್ಡಡ್ಡವೂ ಎಳೆದು ಬಲೆ ಹೆಣೆಯುತ್ತೇವೆ. ಒಂದು ದಾರಿಯಲ್ಲಿ ಸೊರಗಿದರೆ ಪಕ್ಕದ ದಾರಿಯಿಂದ ಬರಲಿ ಅಂತ. ಪರದೆಯ ಸುತ್ತ ಅಂಚಿನಲ್ಲಿ ಅಗಲವಾದ ಪಟ್ಟಿ ಇಟ್ಟು ಎಲ್ಲ ಕಡೆಯಿಂದ ನೀರು ಬಿಟ್ಟ ಹಾಗೆ ಮಾಡುತ್ತೇವೆ. ಜನಕ್ಕೆ ಅಂಚಿಲ್ಲದ ಫೋನ್ ಬೇಕು. ನಮಗೆ ಅಂಚಲ್ಲೇ ಜಾಗ ಬೇಕು. ಈ ಜಗಳ ಶಿನ್‌ಚುವಿನಲ್ಲಿ ಪ್ರತಿ ಸೋಮವಾರ ಮೀಟಿಂಗಿನಲ್ಲಿ ನಡೆಯುತ್ತಿತ್ತು, ಅಂಚು ಪ್ರತಿ ವರ್ಷ ಸೋಲುತ್ತಿತ್ತು. ಉಳಿದದ್ದನ್ನು ಚಿಪ್ ನೋಡಿಕೊಳ್ಳುತ್ತದೆ. ಈ ಚಿತ್ರ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಮೊದಲೇ ಲೆಕ್ಕ ಹಾಕಿ, ಕೊನೆ ಭಾಗದ ಚುಕ್ಕೆಗಳಿಗೆ ಸ್ವಲ್ಪ ಜಾಸ್ತಿ ಬರೆಯುತ್ತದೆ.

ಒಂದು ಎಚ್ಚರ. ಪರದೆ ಪೂರ್ತಿ ಬಿಳಿ ಮಾಡಿದಾಗ ಎಲ್ಲ ಕಡೆಯೂ ಬೆಳಕು ಇಳಿದರೆ ಅದು ಇದಲ್ಲ. ಬ್ಯಾಟರಿ ಉಳಿಸಲು, ಬಿಸಿ ತಗ್ಗಿಸಲು ಬೇಕಂತಲೇ ಇಳಿಸುತ್ತಾರೆ. ಒಂದು ತುದಿಗೂ ಇನ್ನೊಂದಕ್ಕೂ ವ್ಯತ್ಯಾಸ ಬಂದರೆ ಮಾತ್ರ ನಿಮ್ಮ ನಾಲೆಯ ಕಥೆ.

ಪ್ರಶ್ನೆ: ಮೈಕ್ರೋಸ್ಕೋಪಿನಲ್ಲಿ ಮಗನ ಫೋನ್ ನೋಡಿದೆವು. ನೀಲಿ ಚುಕ್ಕೆ ದಪ್ಪ, ಹಸಿರು ಸಣ್ಣ, ಹಸಿರಿನ ಸಂಖ್ಯೆ ಮಾತ್ರ ಜಾಸ್ತಿ. ತಯಾರಿಕೆ ತಪ್ಪಾ? — ಧಾರವಾಡ

ತಪ್ಪಲ್ಲ ಸರ್, ಬೇಕಂತಲೇ ಮಾಡಿದ್ದು. ನೀಲಿ ಬೆಳಕು ಕೊಡುವ ರಾಸಾಯನಿಕ ಬೇಗ ಸವೆಯುತ್ತದೆ. ಚುಕ್ಕೆ ದೊಡ್ಡದು ಮಾಡಿದರೆ ಅದೇ ಬೆಳಕಿಗೆ ಪ್ರತಿ ಜಾಗದ ಮೇಲೆ ಬೀಳುವ ಹೊರೆ ಕಮ್ಮಿ, ಬಾಳಿಕೆ ಜಾಸ್ತಿ. ಹಸಿರಿನಲ್ಲಿ ಕಣ್ಣು ಸಣ್ಣ ವಿವರವನ್ನೂ ಹಿಡಿಯುತ್ತದೆ, ಹಾಗಾಗಿ ಸಂಖ್ಯೆ ಜಾಸ್ತಿ. ಕೆಂಪು, ನೀಲಿ ಅದರ ಅರ್ಧ. ಇವತ್ತು ಸಮನಾಗಿದ್ದರೆ ಸಾಲದು, ಮೂರು ವರ್ಷ ಆದ ಮೇಲೂ ಸಮ ಇರಬೇಕಲ್ವಾ? ಮಗ ಒಂದೇ ಆಟ ದಿನವಿಡೀ ಆಡಿದರೆ ಮಾತ್ರ ಯಾವ ಲೇಔಟೂ ಕಾಪಾಡುವುದಿಲ್ಲ. ಆಟದ ಗುಂಡಿಗಳ ಅಚ್ಚು ಪರದೆಯಲ್ಲಿ ಕೂತುಬಿಡುತ್ತದೆ.

ಪ್ರಶ್ನೆ: ನಮ್ಮ 43 ಇಂಚಿನ ಎಲ್‌ಇಡಿ ಟಿವಿಯಲ್ಲಿ ನಾಲ್ಕೈದು ಕಡೆ ದುಂಡನೆಯ ಬಿಳಿ ಬೆಳಕು ಬಂದಿದೆ. ಮೆಕ್ಯಾನಿಕ್ ಬಂದು ಪ್ಯಾನೆಲ್ ಹೋಯ್ತು, ಹೊಸ ಟಿವಿ ತಗೊಳ್ಳಿ ಅಂದ. — ಕಿರಾಣಿ ಅಂಗಡಿ, ರಾಣೆಬೆನ್ನೂರು

ದಯವಿಟ್ಟು ತಗೋಬೇಡಿ. ನಮ್ಮ ಅಂಗಡಿಗೆ ಇಂಥ ಟಿವಿ ವಾರಕ್ಕೆ ಎರಡು ಮೂರು ಬರುತ್ತವೆ. ನೀವು ಹೇಳಿದ ಲಕ್ಷಣಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ: ಲೆನ್ಸ್ ಬಿದ್ದಿದೆ.

ಎಲ್‌ಇಡಿ ಟಿವಿ ಅಂತ ಮಾರಿದರೂ ನಿಮ್ಮದು ಎಲ್‌ಸಿಡಿಯೇ, ಹಿಂದಿನ ದೀಪ ಮಾತ್ರ ಎಲ್‌ಇಡಿ. ಎಲ್‌ಸಿಡಿಯಲ್ಲಿ ಬೆಳಕು ಹಿಂದಿನಿಂದ ಬರುತ್ತದೆ ಅಂದೆನಲ್ಲ. ನಿಮ್ಮಂಥ ಟಿವಿಯಲ್ಲಿ ಗಾಜಿನ ಹಿಂದೆ ಎಲ್‌ಇಡಿ ಪಟ್ಟಿಗಳಿವೆ. ಎಲ್‌ಇಡಿ ಸಣ್ಣ ಬಿಂದು, ನೇರ ಮುಂದಕ್ಕೆ ಹೊಡೆಯುತ್ತದೆ. ಕೆಲವೇ ಡಜನ್ ಬಿಂದುಗಳಿಂದ ಇಡೀ ಪರದೆ ಬೆಳಗಬೇಕು. ಅದಕ್ಕೆ ಪ್ರತಿ ಎಲ್‌ಇಡಿಯ ಮೇಲೂ ಒಂದು ಪುಟ್ಟ ಪ್ಲಾಸ್ಟಿಕ್ ಲೆನ್ಸ್ ಅಂಟಿಸಿರುತ್ತಾರೆ. ಅದು ಬೆಳಕನ್ನು ಪಕ್ಕಕ್ಕೆ ಚೆಲ್ಲುತ್ತದೆ. ವರ್ಷಗಟ್ಟಲೆ ಬಿಸಿಗೆ ಅಂಟು ಬಿಟ್ಟು ಲೆನ್ಸ್ ಕೆಳಗೆ ಉದುರಿದಾಗ ಅಲ್ಲೊಂದು ಬಿಳಿ ಚುಕ್ಕೆ. ಪ್ಯಾನೆಲ್ಲಿಗೆ ಏನೂ ಆಗಿಲ್ಲ. ಲೆನ್ಸ್ ಮತ್ತೆ ಅಂಟಿಸಬಹುದು, ಪಟ್ಟಿ ಹಳೆಯದಾಗಿದ್ದರೆ ಪಟ್ಟಿಯನ್ನೇ ಬದಲಿಸಬಹುದು. ಆದರೆ ನೀವೇ ಬಿಚ್ಚಬೇಡಿ. ಗಾಜು ಎತ್ತಲು ಇಬ್ಬರು ಬೇಕು, ಒಂದು ಮೂಲೆ ಬಾಗಿದರೆ ನಿಜವಾಗಿ ಪ್ಯಾನೆಲ್ ಹೋಗುತ್ತದೆ. ರಿಪೇರಿ ಆದ ಮೇಲೆ ಸೆಟ್ಟಿಂಗಿನಲ್ಲಿ ಬ್ಯಾಕ್‌ಲೈಟ್ ಸ್ವಲ್ಪ ಇಳಿಸಿ ಇಡಿ, ಬಿಸಿ ಕಮ್ಮಿ ಆಗುತ್ತದೆ.

ಮೆಕ್ಯಾನಿಕ್‌ಗಳಿಗೂ ಒಂದು ಮಾತು. ಕೆಲವು ಟಿವಿಗಳಲ್ಲಿ ಟಿ-ಕಾನ್ ಬೋರ್ಡಿನ (ಚಿತ್ರವನ್ನು ಪ್ಯಾನೆಲ್ಲಿಗೆ ಹಂಚುವ ಬೋರ್ಡ್) ಮೇಲಿನ ಪುಟ್ಟ ಮೆಮೊರಿ ಐಸಿಯಲ್ಲಿ ಆ ಪ್ಯಾನೆಲ್ಲಿನ ಕಲೆ ತಿದ್ದುವ ಪಟ್ಟಿ ಇರುತ್ತದೆ. ಬೇರೆ ಸೆಟ್ಟಿನ ಬೋರ್ಡ್ ಹಾಕಿದರೆ ಬೇರೆಯವರ ಕನ್ನಡಕ ಹಾಕಿದ ಹಾಗೆ, ಇಲ್ಲದ ಕಲೆ ಮೂಡುತ್ತವೆ. ಹಳೇ ಐಸಿ ಬಿಚ್ಚಿ ಹೊಸ ಬೋರ್ಡಿಗೆ ಹಾಕಿ.

ಇನ್ನು ತೆಳ್ಳಗಿನ ಟಿವಿ, ಲ್ಯಾಪ್‌ಟಾಪ್‌ಗಳಲ್ಲಿ ಎಲ್‌ಇಡಿ ಅಂಚಿನಲ್ಲಿರುತ್ತದೆ. ಗುಜರಿಗೆ ಹೋಗುವ ಒಂದು ಸಿಕ್ಕರೆ ಒಳಗಿನ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಲಗೆ ತೆಗೆದು ಬೆಳಕಿಗೆ ಹಿಡಿಯಿರಿ. ಹಿಂಬದಿಯಲ್ಲಿ ಸಾವಿರಾರು ಚುಕ್ಕೆ. ಎಲ್‌ಇಡಿ ಹತ್ತಿರ ಸಣ್ಣ, ವಿರಳ. ದೂರ ಹೋದಂತೆ ದೊಡ್ಡದು, ಒತ್ತೊತ್ತು. ಬೆಳಕು ಹೇರಳವಾಗಿ ಇರುವಲ್ಲಿ ಸ್ವಲ್ಪವೇ ಹೊರಗೆ ಬಿಡು, ಬಡವಾದಲ್ಲಿ ಇದ್ದದ್ದನ್ನೆಲ್ಲ ಬಿಡು ಅಂತ ಲೆಕ್ಕ. ಬೇಸಿಗೆ ರಜದಲ್ಲಿ ಅಂಗಡಿಗೆ ಬರುವ ಮಕ್ಕಳಿಗೆ ನಾನು ಮೊದಲು ತೋರಿಸುವುದು ಈ ಹಲಗೆ.

ಪ್ರಶ್ನೆ: ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಪರದೆಯ ಮೇಲ್ಭಾಗ ಒಂದು ಥರ, ಕೆಳಭಾಗ ಇನ್ನೊಂದು ಥರ ಕಾಣುತ್ತದೆ. ತಲೆ ಎತ್ತಿ ಇಳಿಸಿದರೆ ಬದಲಾಗುತ್ತದೆ. ಬ್ಯಾಕ್‌ಲೈಟ್ ದೋಷವೇ? — ಕನ್ನಡ ಉಪನ್ಯಾಸಕರು, ಶಿವಮೊಗ್ಗ

ತಲೆ ಅಲ್ಲಾಡಿಸಿದರೆ ಬದಲಾಗುತ್ತದೆ ಅಂದಿರಲ್ಲ, ಅಲ್ಲೇ ಉತ್ತರ ಇದೆ ಸರ್. ಬೆಳಕು ಸಮನಾಗಿಯೇ ಬರುತ್ತಿದೆ. ನಿಮ್ಮ ಕಣ್ಣು ಮೇಲ್ಭಾಗವನ್ನು ಒಂದು ಕೋನದಲ್ಲಿ, ಕೆಳಭಾಗವನ್ನು ಇನ್ನೊಂದು ಕೋನದಲ್ಲಿ ನೋಡುತ್ತಿದೆ. ಟಿಎನ್ ಅನ್ನುವ ಹಳೇ ಬಗೆಯ ಎಲ್‌ಸಿಡಿ ಪ್ಯಾನೆಲ್ ಅದು. ಒಳಗಿನ ದ್ರವಸ್ಫಟಿಕದ ಅಣುಗಳು ಕಡ್ಡಿಯ ಆಕಾರ. ಅರ್ಧ ಬೆಳಕಿಗೆ ಎಲ್ಲವೂ ಒಂದೇ ಕಡೆಗೆ ಓರೆಯಾಗಿ ನಿಲ್ಲುತ್ತವೆ, ತೆರೆದ ಜಾಲರಿ ಕಿಟಕಿಯ ಪಟ್ಟಿಗಳ ಹಾಗೆ. ಮೇಲಿನಿಂದ ನೋಡಿದರೆ ಒಂದು ಬೆಳಕು, ಕೆಳಗಿನಿಂದ ಇನ್ನೊಂದು.

ಇದಕ್ಕೆ ಸಿಕ್ಕ ಒಂದು ಮದ್ದಿನ ಬೇರು ಬೆಂಗಳೂರಿನಲ್ಲಿದೆ ಅಂತ ತೈವಾನಿನಲ್ಲಿ ಗೊತ್ತಾದಾಗ ನನಗೆ ಕೋಡು ಮೂಡಿತ್ತು. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರು ಬಿಲ್ಲೆ ಆಕಾರದ ಅಣುಗಳಿಂದಲೂ ದ್ರವಸ್ಫಟಿಕ ಆಗುತ್ತದೆ ಅಂತ ತೋರಿಸಿದರು. (ನಕ್ಷತ್ರಗಳ ಚಂದ್ರಶೇಖರ್ ಬೇರೆ. ಇವರು ಅದಕ್ಕೂ ಮೊದಲು ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು.) ಕಡ್ಡಿ ಬೆಳಕನ್ನು ಹೇಗೆ ತಿರುಚುತ್ತದೋ ಬಿಲ್ಲೆ ಅದಕ್ಕೆ ಉಲ್ಟಾ. 1990ರ ದಶಕದಲ್ಲಿ ಜಪಾನಿನ ಫ್ಯೂಜಿಫಿಲ್ಮ್ ಇಂಥ ಬಿಲ್ಲೆ ಅಣುಗಳನ್ನು ಓರೆಯಾಗಿ ಜೋಡಿಸಿದ ತೆಳು ಹಾಳೆ ಮಾಡಿತು. ಪರದೆಗೆ ಅಂಟಿಸಿದರೆ ಕಡ್ಡಿ ಮಾಡಿದ್ದನ್ನು ಬಿಲ್ಲೆ ಅಳಿಸುತ್ತದೆ. ಪಕ್ಕದಿಂದ ನೋಡಿದಾಗ ಬಹಳ ಸುಧಾರಿಸಿತು, ಮೇಲೆ ಕೆಳಗೆ ಅಷ್ಟಾಗಿ ಇಲ್ಲ. ಈಗಿನ ಐಪಿಎಸ್ ಪರದೆಯಲ್ಲಿ ಕಡ್ಡಿಗಳು ಮಲಗಿದಲ್ಲೇ ತಿರುಗುತ್ತವೆ, ಹಾಗಾಗಿ ಈ ತಾಪತ್ರಯ ಕಮ್ಮಿ. ಅಳತೆ, ಕನೆಕ್ಟರ್ ಹೊಂದಿದರೆ ನಿಮ್ಮ ಲ್ಯಾಪ್‌ಟಾಪಿಗೂ ಐಪಿಎಸ್ ಪ್ಯಾನೆಲ್ ಹಾಕಿಸಬಹುದು.

ಪ್ರಶ್ನೆ: ನೀವೇ ಮಾಡಿದ ಪಿಕ್ಸೆಲ್ ಎಂದಾದರೂ ಕೆಟ್ಟಿದ್ದು ಉಂಟಾ? — ಪುತ್ತೂರು

ಉಂಟು! ಎರಡನೇ ವರ್ಷದಲ್ಲಿ.

ಎಲ್‌ಸಿಡಿ ಪ್ಯಾನೆಲ್. ಜಾಗ ಉಳಿಸಲು ನಾನು ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಕನ್ನಡಿಯ ಬಿಂಬದ ಹಾಗೆ ಇಟ್ಟಿದ್ದೆ, ಒಂದೇ ಗೋಡೆಯ ಜೋಡಿ ಮನೆ ಥರ. ಒಂದರ ಟ್ರಾನ್ಸಿಸ್ಟರ್ ಎಡಕ್ಕೆ, ಇನ್ನೊಂದರದು ಬಲಕ್ಕೆ. ಕಂಪ್ಯೂಟರಿನಲ್ಲಿ ಎಲ್ಲ ಸರಿ ಇತ್ತು. ಗಾಜು ಬಂದಾಗ ನೋಡಿದರೆ ಕಂಬಸಾಲು: ಒಂದು ಕಂಬ ಬೆಳಕು, ಒಂದು ಮಂಕು, ಮತ್ತೆ ಬೆಳಕು.

ಪರದೆಯನ್ನು ಪದರದ ಮೇಲೆ ಪದರ ಅಚ್ಚು ಹಾಕಿ ಮಾಡುತ್ತಾರೆ. ಮೇಲಿನ ಪದರ ಕೆಳಗಿನದರ ಮೇಲೆ ಮೈಕ್ರಾನಿನ ಭಾಗದಷ್ಟು ಬಲಕ್ಕೆ ಸರಿದಿತ್ತು. ಅಷ್ಟು ಸರಿಯುವುದು ಮಾಮೂಲಿ. ಆದರೆ ನನ್ನ ಕನ್ನಡಿ ಬಿಂಬದಿಂದಾಗಿ ಒಂದು ಪಿಕ್ಸೆಲ್‌ನಲ್ಲಿ ಲೋಹದ ಮೇಲೆ ಲೋಹ ಜಾಸ್ತಿ ಕೂತಿತು, ಪಕ್ಕದ್ದರಲ್ಲಿ ಕಮ್ಮಿ. ಹೀಗೆ ಲೋಹದ ಮೇಲೆ ಲೋಹ ಕೂತ ಜಾಗ ಒಂದು ಬೇಡದ ಕೆಪಾಸಿಟರ್. ಪಿಕ್ಸೆಲ್‌ಗೆ ವೋಲ್ಟೇಜ್ ತುಂಬಿ ಸ್ವಿಚ್ ಮುಚ್ಚುವಾಗ, ಬಾಗಿಲು ಜೋರಾಗಿ ಹಾಕಿದರೆ ಒಳಗಿನ ದೀಪ ಅಲುಗುವಂತೆ, ಅದು ತುಂಬಿದ ವೋಲ್ಟೇಜನ್ನು ಸ್ವಲ್ಪ ಕೆಳಗೆ ಎಳೆಯುತ್ತದೆ. ಒಂದು ಕಂಬದಲ್ಲಿ ಜಾಸ್ತಿ ಎಳೆತ, ಪಕ್ಕದ್ದರಲ್ಲಿ ಕಮ್ಮಿ. ಇಡೀ ಪರದೆ ನಿಧಾನವಾಗಿ ಈ ತುದಿಯಿಂದ ಆ ತುದಿಗೆ ನೂರಕ್ಕೆ ಹತ್ತು ಮಂಕಾದರೂ ಕಣ್ಣು ಸುಮ್ಮನಿರುತ್ತದೆ. ಅಕ್ಕಪಕ್ಕದಲ್ಲಿ ನೂರಕ್ಕೆ ಒಂದೆರಡು ಬಂದರೂ ಗೆರೆ ಅಂತ ಕೂಗುತ್ತದೆ. ನಾನು ಮಾಡಿದ್ದು ಎರಡನೇ ಬಗೆಯ ತಪ್ಪು.

ಫ್ಯಾಕ್ಟರಿಯವರಿಗೆ ಪದರ ಸರಿಯಾಗಿ ಕೂರಿಸಿ ಅಂತ ಹೇಳಿ ಪ್ರಯೋಜನ ಇರಲಿಲ್ಲ, ಅವರು ಸರಿಯಾಗಿಯೇ ಕೂರಿಸಿದ್ದರು. ನಕ್ಷೆ ತಿದ್ದಿದೆ. ಪ್ರತಿ ಟ್ರಾನ್ಸಿಸ್ಟರಿನ ಆ ಕಡೆಗೂ ಲೋಹದ ಒಂದು ಸಣ್ಣ ಬಾಲ ಸೇರಿಸಿದೆ. ಪದರ ಬಲಕ್ಕೆ ಸರಿದರೆ ಒಂದು ಕಡೆ ಎಷ್ಟು ಹೆಚ್ಚುತ್ತದೋ ಬಾಲದ ಕಡೆ ಅಷ್ಟೇ ತಗ್ಗುತ್ತದೆ. ಒಟ್ಟು ಅಷ್ಟಕ್ಕಷ್ಟೇ. ಮುಂದಿನ ಗಾಜಿನಲ್ಲಿ ಕಂಬಗಳು ಮಾಯ.

ಆದರೆ ಆ ಬಾಲ ಬೆಳಕು ಬರುವ ಕಿಟಕಿಯ ಒಂದು ಮೂಲೆ ತಿಂದಿತ್ತು. ಪರದೆ ಒಂದಿಷ್ಟು ಮಂಕಾಯಿತು. ಗೆರೆ ತೆಗೆಯಲು ನನಗೆ ಮೂರು ದಿನ ಸಾಕಾಗಿತ್ತು. ಆ ಒಂದಿಷ್ಟು ಬೆಳಕು ಎಲ್ಲಿ ಹೋಯ್ತು ಅಂತ ಮ್ಯಾನೇಜರಿಗೆ ಒಪ್ಪಿಸಲು ಎರಡು ವಾರ ಹಿಡಿಯಿತು.